ಕೊಳ್ಳದೆ ಬಿಟ್ಟ ಮಾಳಿಗೆ ಮನೆ

ಹೋದ ವಾರ ಹಿರೋಳ್ಳಿಯಿಂದ ಆಳಂದಕ್ಕೆ ಬರುವ ಮಧ್ಯಾಹ್ನದ ಬಸ್ಸಿಗೆ ವಯಸ್ಸಾದ ರೈತರೊಬ್ಬರು ಎರಡು ಚೀಲ ಮಣ್ಣು ಹೇರಿದರು. ನಾನು ಆ ಬಸ್ಸಿನ ಕಂಡಕ್ಟರ್. ಲಗೇಜಿನ ಟಿಕೆಟ್ ಕೊಡಲು ಹೋದರೆ ಅವರು ನನ್ನ ಮುಖವನ್ನೇ ನೋಡಿದರು.

“ಮಣ್ಣಿಗೂ ಟಿಕೆಟ್ ಅದ ಏನ್ರಿ ಅಕ್ಕಾ?”

“ಮಣ್ಣೇ ಇರ್ಲಿ, ಬಂಗಾರೇ ಇರ್ಲಿ, ಚೀಲಕ್ಕ ಟಿಕೆಟ್ ಅದರಿ ಕಾಕಾ. ಎದಕ್ಕ ಒಯ್ಯಾಕತ್ತೀರಿ?”

“ಮಾಳಿಗಿಗಿ ಹಾಕಾಕರಿ. ಮಗಳ ಮನಿ ಸೋರಾಕತ್ತಾದ.”

ಸವಳು ಮಣ್ಣು. ನಮ್ಮ ಕಡೆ ಮಾಳಿಗೆ ಮನೆ ಎಂದರೆ ಮಣ್ಣಿನ ಚಪ್ಪಟೆ ಚಾವಣಿಯ ಮನೆ. ಗೋಡೆಯಿಂದ ಗೋಡೆಗೆ ದಪ್ಪ ತೊಲೆ, ಅದರ ಮೇಲೆ ಅಡ್ಡಡ್ಡ ಜಂತಿ, ಅದರ ಮೇಲೆ ಮೊಳದಷ್ಟು ಮಣ್ಣು. ಮಳೆಗಾಲಕ್ಕೆ ಮುಂಚೆ ಎಲ್ಲಕ್ಕಿಂತ ಮೇಲೆ ಈ ಸವಳು ಮಣ್ಣು ಹರಡಿದರೆ ನೀರು ಒಳಗೆ ಇಳಿಯುವುದಿಲ್ಲ. ಈಗ ಅದನ್ನು ತರುವವರು ಕಡಿಮೆ. ದಾರಿಯಲ್ಲಿ ಮಳೆ ಬಂತು. ಬಾಗಿಲ ಹತ್ತಿರವಿದ್ದ ಚೀಲಗಳು ನೆನೆದು ಅದರ ವಾಸನೆ ಬಸ್ಸಿನ ತುಂಬ ಹರಡಿತು. ನಾನು ಟಿಕೆಟ್ ಮೆಷಿನ್ ಹಿಡಿದುಕೊಂಡು ನನ್ನ ಸೀಟಿಗೆ ಬಂದು ಕೂತೆ. ಮುಂದಿನ ಊರು ಹೆಬಳಿ ದಾಟಿದರೂ ಮೇಲೇಳಲು ಆಗಲಿಲ್ಲ.

ಎಂಟು ವರ್ಷದ ಹಿಂದೆ, ಒಂದು ಮಳೆಗಾಲವಿಡೀ, ನಾನೂ ಶಮೀಮಳೂ ಅದೇ ವಾಸನೆಯ ಒಂದು ಮನೆ ನೋಡಿದ್ದೆವು. ಕೊಳ್ಳಬೇಕೆಂದು.

ಶಮೀಮ್ ಆಗ ನನ್ನದೇ ಡಿಪೋದಲ್ಲಿ ಕಂಡಕ್ಟರ್. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಊರು ಅಫಜಲಪುರ. ಮದುವೆಯಾದ ನಾಲ್ಕು ವರ್ಷಕ್ಕೆ ಗಂಡ ಪುಣೆಯಲ್ಲಿ ಇನ್ನೊಂದು ಸಂಸಾರ ಹೂಡಿದ. ಆಮೇಲೆ ಅವಳು ಪರೀಕ್ಷೆ ಕಟ್ಟಿ ಈ ಕೆಲಸ ಹಿಡಿದಳು. ನಾನು ಜೇವರ್ಗಿಯವಳು. ಅಪ್ಪ ಮಾರ್ಕೆಟ್ಟಿನಲ್ಲಿ ಚೀಲ ಹೊತ್ತು ಅಣ್ಣನನ್ನೂ ನನ್ನನ್ನೂ ಓದಿಸಿದ. ಅಣ್ಣ ಮೇಷ್ಟ್ರಾದ. ನಾನು ಆಳಂದ ಡಿಪೋಕ್ಕೆ ಬಂದೆ. ಆಗ ನನಗೆ ಮೂವತ್ತೆರಡು, ಮದುವೆ ಆಗಿರಲಿಲ್ಲ. ನಾವಿಬ್ಬರೂ ಎರಡು ವರ್ಷದಿಂದ ಒಂದು ಹಿಟ್ಟಿನ ಗಿರಣಿಯ ಹಿಂದಿನ ಖೋಲಿಯಲ್ಲಿ ಬಾಡಿಗೆಗೆ ಇದ್ದೆವು. ಗಿರಣಿ ಶುರುವಾದರೆ ಗೋಡೆಯ ಮೇಲಿನ ನನ್ನ ಬುದ್ಧನ ಫೋಟೋ ನಡುಗುತ್ತಿತ್ತು. ಶಮೀಮ್ ಅದನ್ನು ಹಿಡಿದು ನೆಟ್ಟಗೆ ಮಾಡಿ ಡ್ಯೂಟಿಗೆ ಹೋಗುತ್ತಿದ್ದಳು.

ಆ ಬೇಸಿಗೆಯಲ್ಲಿ ಗಿರಣಿಯವರು, ಖೋಲಿ ಗೋಡೌನಿಗೆ ಬೇಕು, ಸಂಕ್ರಾಂತಿಯೊಳಗೆ ಖಾಲಿ ಮಾಡಿ ಎಂದರು. ನಾವು ಬೇರೆ ಮನೆ ಹುಡುಕತೊಡಗಿದೆವು. ಹೋದಲ್ಲೆಲ್ಲ ಬಾಡಿಗೆ ಹೇಳುವ ಮೊದಲು ಒಂದು ಪ್ರಶ್ನೆ ಬರುತ್ತಿತ್ತು. ಒಬ್ಬ ಹೆಂಗಸಂತೂ ನಮ್ಮನ್ನು ಕೂಡಿಸಿ, ಚಹಾ ಕೊಟ್ಟು, ನಮ್ಮ ಬಸ್ಸುಗಳ ವೇಳೆಯನ್ನೆಲ್ಲ ಕೇಳಿಕೊಂಡು, ಕಡೆಗೆ ಮೆಲ್ಲಗೆ, “ನೀವ್ ಯಾವ ಮಂದಿರಿ?” ಎಂದಳು. ಹೇಳಿದೆವು. “ಇಬ್ಬರೂ ಬ್ಯಾರೆ ಬ್ಯಾರೆನೇ?” ಎಂದು ಚಹಾದ ಕಪ್ಪುಗಳನ್ನು ಎತ್ತಿಕೊಂಡಳು. “ನಮಗೇನಿಲ್ಲರಿ. ಬಾಜೂಕಿನವರು ಒಪ್ಪಂಗಿಲ್ಲ.” ಮರುದಿನ ಆ ಪಕ್ಕದ ಮನೆಯವರನ್ನೇ ಕೇಳಿದೆವು. ಅವರು ಇವಳ ಮನೆಯ ಕಡೆ ಕೈ ತೋರಿಸಿ ಅದೇ ಮಾತು ಹೇಳಿದರು.

ವಾಪಸ್ ಬರುವಾಗ ಶಮೀಮ್ ನಕ್ಕಳು. ಅವಳಿಗೆ ಸಿಟ್ಟು ಬಂದರೆ ನಗು ಬರುತ್ತಿತ್ತು.

“ಬಾಡಗಿ ಕೇಳಿದ್ರ ಮಂದಿ ಕೇಳ್ತಾರ ಬೇ ಸುಜಾತಾ. ಕೊಳ್ತೇವಿ ಅಂದ್ರ ರೊಕ್ಕಾ ಅಷ್ಟ ಕೇಳ್ತಾರ.”

ಅವಳು ಹೇಳಿದ ರೀತಿಗೆ ನಾನೂ ನಕ್ಕೆ. ಆದರೆ ಆ ವಾರವೇ ಅವಳು ಒಂದು ಮನೆ ಹುಡುಕಿಯೂ ಬಿಟ್ಟಳು.

ಮನೆ ಹಳೆಯ ಬಜಾರಿನ ಹಿಂದಿನ ಓಣಿಯಲ್ಲಿತ್ತು. ಕಬ್ಬಿಣದ ಸಾಮಾನಿನ ಅಂಗಡಿಯ ಬಾಬುರಾವ್ ಎಂಬುವರದು. ಅವರು ಅಂಗಡಿಯ ಮೇಲೆಯೇ ಹೊಸದಾಗಿ ಕಟ್ಟಿಸಿಕೊಂಡು ಹೋದ ಮೇಲೆ ಇದು ಮೂರು ವರ್ಷ ಬೀಗ ಹಾಕಿಕೊಂಡಿತ್ತು. ಮುಂದೆ ಕಟ್ಟೆ, ಒಂದು ಪಡಸಾಲೆ, ಎರಡು ಖೋಲಿ, ಅಡುಗೆಮನೆ, ಹಿತ್ತಲಲ್ಲಿ ಬಚ್ಚಲು. ಕಲ್ಲು ಮಣ್ಣಿನ ದಪ್ಪ ಗೋಡೆ. ನೆಲಕ್ಕೆ ಶಹಾಬಾದ್ ಫರಸಿ. ಪಡಸಾಲೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅದರಿಂದ ಬಿಸಿಲು ನೆಲಕ್ಕೆ ಒಂದು ತಟ್ಟೆಯಷ್ಟು ಬಿದ್ದಿತ್ತು. ಬಾಬುರಾವ್ ಹೇಳಿದ ಬೆಲೆ ಬರೀ ಜಾಗದ್ದು. ಮನೆಗೆ ಅವರು ಬೆಲೆಯನ್ನೇ ಕಟ್ಟಿರಲಿಲ್ಲ.

“ಇದನ್ನ ಕೆಡವಿ ಎರಡ್ ಪಿಲ್ಲರ್ ಎಬ್ಬಸ್ರಿ, ಕೆಳಗ ದುಕಾನ್, ಮ್ಯಾಲ ಮನಿ,” ಎಂದರು.

“ಕೆಡವಂಗಿಲ್ಲರಿ. ಇದರಾಗೇ ಇರ್ತೇವಿ,” ಎಂದಳು ಶಮೀಮ್.

ಬಾಬುರಾವ್ ನಮ್ಮಿಬ್ಬರನ್ನೂ ನೋಡಿ, “ಇರ್ರಿ, ಯಾರ್ ಬ್ಯಾಡಂದ್ರು,” ಎಂದರು. ನಾವು ಯಾವ ಮಂದಿ ಎಂದು ಅವರು ಕೇಳಲಿಲ್ಲ. ಮನೆಯ ಉತಾರ, ಅಂದರೆ ಹಕ್ಕಿನ ಪತ್ರ, ಅವರ ಹೆಸರಿನಲ್ಲೇ ಇತ್ತು, ಬೇರೆ ವಾರಸುದಾರರಿರಲಿಲ್ಲ. ಮಣ್ಣಿನ ಮನೆಗೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ ಎಂದು ಗೊತ್ತಾಯಿತು. ಆದರೆ ಇಬ್ಬರ ಉಳಿತಾಯ ಕೂಡಿಸಿದರೆ ಸಾಲುತ್ತಿತ್ತು. ಒಬ್ಬಳಿಂದ ಆಗುತ್ತಿರಲಿಲ್ಲ. ಅದು ಇಬ್ಬರು ಸೇರಿಯೇ ಕೊಳ್ಳಬೇಕಾದ ಮನೆ.

ನಮಗೆ ಮನೆ ನೋಡಲು ಬರುತ್ತಿರಲಿಲ್ಲ. ಗೋಡೆಗೆ ಕೈ ಇಟ್ಟರೆ ತಂಪಾಗಿದೆ ಎಂದಷ್ಟೇ ತಿಳಿಯುತ್ತಿತ್ತು. ಅದಕ್ಕೆ ಕಿಣ್ಣಿ ಸುಲ್ತಾನ ಎಂಬ ಹಳ್ಳಿಯಿಂದ ದಿನಾ ನಮ್ಮ ಬಸ್ಸುಗಳಲ್ಲಿ ಕೆಲಸಕ್ಕೆ ಬರುತ್ತಿದ್ದ ಭೀಮಶಾ ಎಂಬ ಗೌಂಡಿ ಮೇಸ್ತ್ರಿಯನ್ನು ಕರೆದೊಯ್ದೆವು. ಅರವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ. ಒಳಗೆ ಬಂದವನೇ ಮೂಲೆ ಮೂಲೆ ಮೂಸಿ ನೋಡಿದ. ಗೋಡೆಯ ಬುಡವನ್ನು ಉಗುರಿನಿಂದ ಕೆರೆದ. ಏಣಿ ತರಿಸಿ, ಒಂದೊಂದು ಜಂತಿಯನ್ನೂ ಸುತ್ತಿಗೆಯ ಹಿಡಿಯಿಂದ ಬಡಿದು ಕಿವಿಗೊಟ್ಟು ಕೇಳಿದ.

“ಬೇವಿನ ತೊಲಿ ಅವ. ಹುಳಾ ಹತ್ತಂಗಿಲ್ಲ,” ಎಂದ. “ಆದ್ರ ತೊಲಿ ಗ್ವಾಡಿ ಒಳಗ ಕುಂತಿರ್ತಾದ ನೋಡ್ರಿ, ಆ ತುದಿ ಕೊಳಿತಾದ. ಹೊರಗಿಂದ ಕಾಣಂಗಿಲ್ಲ. ಈ ಮಳಿಗಾಲ ಹೋಗ್ಲಿ. ಎಲ್ಲಿ ನೀರ್ ಇಳಿತಾದ ನೀವ್ ನೋಡಿ ಇಟ್ಟಿರ್ರಿ. ಆಮ್ಯಾಲ ಬಂದು ಗ್ವಾಡಿ ಸ್ವಲ್ಪ ಒಡದು ತುದಿ ನೋಡಿ ಹೇಳ್ತೇನಿ.”

ಬಾಬುರಾವ್‌ಗೆ ಅವಸರವಿರಲಿಲ್ಲ. ಬೀಗದ ಕೈ ನಮಗೇ ಕೊಟ್ಟರು.

ಹೀಗೆ ಆ ಮಳೆಗಾಲ ನಮಗೆ ಮನೆ ಸೋರುವುದನ್ನು ಕಾಯುವ ಕೆಲಸವಾಯಿತು. ಜೂನಿನಲ್ಲಿ ಮಳೆ ಸರಿಯಾಗಿ ಬರಲಿಲ್ಲ. ಮೋಡ ಖಜೂರಿಯ ಕಡೆಯಿಂದ ಬಂದು ನಮ್ಮ ತಲೆ ಮೇಲೆ ಹಾದು ಹೋಗುತ್ತಿತ್ತು. ರೈತರೆಲ್ಲ ಆಕಾಶ ನೋಡುವಾಗ ಬಸ್ಸಿನ ಬಾಗಿಲಲ್ಲಿ ನಿಂತು ನಾನೂ ನೋಡುತ್ತಿದ್ದೆ. ಅವರಿಗೆ ಹೆಸರು, ತೊಗರಿಯ ಚಿಂತೆ. ನನಗೆ ಮಾಳಿಗೆಯ ಚಿಂತೆ. ಎದುರು ಬರುವ ಬಸ್ಸಿನಲ್ಲಿ ಶಮೀಮ್ ಇದ್ದರೆ ಡ್ರೈವರುಗಳು ಒಂದು ಗಳಿಗೆ ನಿಲ್ಲಿಸುತ್ತಿದ್ದರು. ಅವಳು ಕಿಟಕಿಯಿಂದ ಕೂಗುತ್ತಿದ್ದಳು: “ಆಳಂದದಾಗ ಮಳಿ ಆತೇನ್ ಬೇ?” ನಾನು ತಲೆ ಅಲ್ಲಾಡಿಸಿದರೆ ಪಕ್ಕದಲ್ಲಿದ್ದ ಹೆಂಗಸರು, ಇವಳಿಗೆ ಎಷ್ಟು ಎಕರೆ ಹೊಲವಿದೆಯೋ ಎಂಬಂತೆ ಅವಳನ್ನು ನೋಡುತ್ತಿದ್ದರು.

ಆಗಸ್ಟಿನಲ್ಲಿ ಒಂದು ದಿನ ಇಬ್ಬರಿಗೂ ರಜೆ ಕೂಡಿಬಂತು. ಬೆಳಿಗ್ಗೆಯಿಂದಲೇ ಮೋಡ ಕಪ್ಪಾಗಿ ಕೆಳಗಿಳಿದಿತ್ತು. ಶಮೀಮ್ ನಾಲ್ಕು ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿದಳು. ನಾನು ಎರಡು ಬಕೆಟ್, ಎರಡು ಡಬ್ಬಿ ಹಿಡಿದೆ. ಬೀಗ ತೆಗೆದು ಒಳಗೆ ಹೋಗಿ, ಮಾಳಿಗೆ ಹತ್ತಿ ಬೆಳಕಿಂಡಿಗೆ ಕಲ್ಲು ಮುಚ್ಚಿ ಬಂದು, ಪಡಸಾಲೆಯ ನಡುವೆ ಕೂತೆವು. ಮಳೆ ಬಂತು. ಸುಮಾರು ಎರಡು ತಾಸು ಒಂದೇ ಸಮನೆ ಹೊಡೆಯಿತು. ಓಣಿಯಲ್ಲಿ ಮೊಳಕಾಲುದ್ದ ನೀರು ಹರಿಯಿತು. ಕರೆಂಟು ಹೋಯಿತು. ನಾವು ಕಿವಿಗೊಟ್ಟು ಕೂತಿದ್ದೆವು. ಬೆಳಕಿಂಡಿಯ ಹತ್ತಿರ ಒಂದು ಹನಿ ಬಿತ್ತು. ಬಕೆಟ್ ಇಟ್ಟೆವು. ಅಡುಗೆಮನೆಯ ಮೂಲೆಯಲ್ಲಿ ಸಣ್ಣಗೆ ಇಳಿಯಿತು. ಡಬ್ಬಿ ಇಟ್ಟೆವು. ಇನ್ನೆಲ್ಲೂ ಇಲ್ಲ. ಎರಡೂ ಖೋಲಿ ಒಣಗಿಯೇ ಇದ್ದವು. ಮೇಲೆ ಮಣ್ಣು ನೆನೆದ ವಾಸನೆ ಮಾತ್ರ ಮನೆ ತುಂಬಿತು.

“ಮನಿ ಪಾಸಾತು,” ಎಂದಳು ಶಮೀಮ್.

ಊಟ ಮಾಡಿ ಅವಳು ಎದ್ದು ಖೋಲಿಗಳನ್ನು ಗೇಣಿನಿಂದ ಅಳೆದಳು. ಇಲ್ಲಿ ನಿನ್ನ ಮಂಚ, ಇಲ್ಲಿ ನನ್ನದು. ಗೋಡೆಯಲ್ಲಿನ ಗೂಡು ತೋರಿಸಿ, “ಇಲ್ಲಿ ನಿನ್ನ ಫೋಟೋ ಇಡು, ಈ ಗ್ವಾಡಿ ನಡಗಂಗಿಲ್ಲ,” ಎಂದಳು. ತನ್ನ ಖೋಲಿಯಲ್ಲಿ ಪಶ್ಚಿಮ ಯಾವುದೆಂದು ನೋಡಿಕೊಂಡು ಅಲ್ಲಿ ನಮಾಜಿಗೆ ಜಾನಮಾಜ್ ಹಾಸುವಷ್ಟು ಜಾಗ ಬಿಟ್ಟಳು. ತನ್ನ ಅಮ್ಮಿ ಬಂದರೆ ಪಡಸಾಲೆಯಲ್ಲಿ ಮಲಗಿಸುವುದೋ ಒಳಗೋ ಎಂದು ನನ್ನನ್ನೇ ಕೇಳಿದಳು. ಆಮೇಲೆ ಬರೀ ಫರಸಿಯ ಮೇಲೆ ಕೈ ತಲೆಗಿಟ್ಟುಕೊಂಡು ಮಲಗಿ ನಿದ್ದೆ ಹೋದಳು. ಬಸ್ಸಿನಲ್ಲಿ ದಿನವಿಡೀ ನಿಂತೇ ಇರುವ ಕಾಲುಗಳು ನಿದ್ದೆಯಲ್ಲೂ ಆಗಾಗ ಅದುರುತ್ತಿದ್ದವು. ನಾನು ಗೋಡೆಗೆ ಒರಗಿ ಕೂತು ಅವಳನ್ನೂ ಮಳೆಯನ್ನೂ ನೋಡುತ್ತಿದ್ದೆ. ನನ್ನ ಬದುಕಿನಲ್ಲಿ ಅಷ್ಟು ನಿಶ್ಚಿಂತೆಯಾಗಿ ಕೂತ ಮಧ್ಯಾಹ್ನ ಅದೊಂದೇ. ಆ ಮನೆಯಲ್ಲಿ ನಾವು ಬಾಳಿದ್ದೂ ಅದೊಂದೇ ಮಧ್ಯಾಹ್ನ.

ಸೆಪ್ಟೆಂಬರಿನಲ್ಲಿ ಅಣ್ಣ ಬಂದ. ನಾನೇ ಮನೆ ತೋರಿಸಿದೆ. ಅವನು ಬೈಯಲಿಲ್ಲ. ಬೈದಿದ್ದರೆ ನಾನು ಅಂದೇ ಮುಂಗಡ ಕೊಟ್ಟುಬಿಡುತ್ತಿದ್ದೆನೇನೋ. ಕಟ್ಟೆಯ ಮೇಲೆ ಕೂತು ನಿಧಾನವಾಗಿ ಮಾತಾಡಿದ.

“ಶಮೀಮ್ ಚಲೋ ಹೆಣ್ಮಗಳು. ನಾ ಇಲ್ಲ ಅನ್ನಂಗಿಲ್ಲ. ಆದ್ರ ತಂಗಿ, ಇಬ್ಬರ ಹೆಸರಿಗಿ ಮನಿ ಮಾಡಿದ್ರ ಅರ್ಧಾ ಜನ್ಮ ಅಲ್ಲೇ ಕಟ್ಟಿ ಹಾಕಿದಂಗ. ಜೇವರ್ಗಿದಾಗ ಒಂದ್ ಸಂಬಂಧ ಬಂದದ. ಹುಡುಗ ಸರ್ಕಾರಿ ಆಫೀಸಿನಾಗ ಕ್ಲರ್ಕ್ ಇದ್ದಾನ. ಮೊದಲ ಹೆಂಡತಿ ತೀರಿಕೊಂಡಾಳ, ಮಕ್ಕಳಿಲ್ಲ. ನಿನ್ನ ಫೋಟೋ ನೋಡಿ ಹೂಂ ಅಂದಾನ. ಜರಾ ತಡಿ.”

ನನಗೆ ಮದುವೆಯ ಆಸೆ ಇಲ್ಲವೆಂದು ಶಮೀಮಳಿಗೆ ಎಷ್ಟೋ ಸಲ ಹೇಳಿದ್ದೆ. ಅಣ್ಣನ ಮಾತು ಕೇಳಿದಾಗ, ಆ ಆಸೆ ನನ್ನಲ್ಲಿ ಎಲ್ಲಿಗೂ ಹೋಗಿರಲಿಲ್ಲ ಎಂದು ತಿಳಿಯಿತು. ಗಂಡನ ಮನೆ, ನನ್ನದೊಂದು ಮಗು, ಹಬ್ಬಕ್ಕೆ ತವರಿಗೆ ಬರುವುದು, ಎಲ್ಲ ಒಟ್ಟಿಗೆ ಮನಸ್ಸಿಗೆ ಬಂದವು. ಅದನ್ನು ಶಮೀಮಳಿಗೆ ಹೇಳಬೇಕಿತ್ತು. ಹೇಳಿದ್ದರೆ ಅವಳು ಏನನ್ನುತ್ತಿದ್ದಳು? ಹೋಗು ಬೇ, ಮದುವೆ ಮಾಡಿಕೋ ಎನ್ನುತ್ತಿದ್ದಳು. ಆದರೆ ಸಂಬಂಧ ಕೂಡದಿದ್ದರೆ ಮನೆಯೂ ಇರಲಿ ಎಂದು ನನ್ನ ಒಳಗಿನ ಲೆಕ್ಕ. ನನಗೆ ಎರಡೂ ಬೇಕಿದ್ದವು. ಅದಕ್ಕೇ ಬಾಯಿ ಬಿಡಲಿಲ್ಲ.

ಮಳೆ ಹಿಂದೆ ಸರಿದ ಮೇಲೆ ಭೀಮಶಾ ಹೇಳಿದ ದಿನಕ್ಕೆ ಬಂದ. ಶಮೀಮಳಿಗೆ ಅಂದು ಅಫಜಲಪುರದ ಡ್ಯೂಟಿ. ನಾನೊಬ್ಬಳೇ ಹೋದೆ. ನೀರು ಇಳಿದಿದ್ದ ಅಡುಗೆಮನೆಯ ಮೂಲೆಯಲ್ಲಿ ಏಣಿ ಹಚ್ಚಿ, ತೊಲೆ ಗೋಡೆ ಸೇರುವಲ್ಲಿ ಗಾರೆ ಒಡೆದು, ಒಳಗೆ ಉಳಿ ಹಾಕಿ ಬಡಿದ. ಪುಡಿ ಉದುರಲಿಲ್ಲ. ಇನ್ನೆರಡು ಕಡೆ ನೋಡಿದ. ಕೆಳಗಿಳಿದು ಕೈ ಝಾಡಿಸಿಕೊಂಡ.

“ಕಬ್ಬಿಣ ಇದ್ದಂಗ ಅದರಿ ಅಕ್ಕಾ. ಸವಳು ಮಣ್ಣು ಒಂದೆರಡ್ ಗಾಡಿ ಹಾಕಸ್ರಿ, ಬೆಳಕಿಂಡಿ ಸುತ್ತ ಗಚ್ಚು ಮಾಡ್ರಿ. ನಿಮ್ಮಿಬ್ಬರ ಆಯುಷ್ಯಕ್ಕ ಏನೂ ಆಗಂಗಿಲ್ಲ.”

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕಾದೆ. ಅವಳ ಬಸ್ಸು ಬಂದು ಪ್ಲಾಟ್‌ಫಾರ್ಮಿಗೆ ತಾಗುವ ಮೊದಲೇ ಅವಳು ಬಾಗಿಲಲ್ಲಿ ನಿಂತು ಕೇಳಿದಳು.

“ಏನಂದ ಗೌಂಡಿ?”

“ತೊಲಿ ತುದಿ ಪೊಳ್ಳಾಗ್ಯಾದಂತ,” ಎಂದೆ.

ಆ ಮಾತನ್ನು ನಾನು ಮೊದಲೇ ಯೋಚಿಸಿಕೊಂಡಿರಲಿಲ್ಲ. ಅದು ಬಾಯಿಗೆ ಬಂತು. ಅವಳು ಇಳಿದು ಹತ್ತಿರ ಬಂದಳು. ಕೆಂಪು ಧೂಳು ಹತ್ತಿದ ಮುಖ.

“ಎಲ್ಲಾ ತೊಲಿನೂ?”

“ಮೂರು.”

“ಮೂರ್ ಬದಲಿ ಹಾಕಿಸಿದ್ರ?”

“ಮಾಳಿಗಿ ಎಲ್ಲಾ ಇಳಸಬೇಕಂತ. ಗ್ವಾಡಿನೂ ತಾಳಂಗಿಲ್ಲಂತ.”

ಒಂದೊಂದು ಪ್ರಶ್ನೆಗೂ ಒಂದೊಂದು ಸುಳ್ಳು ಸೇರಿಸುತ್ತ ಹೋದೆ. ಅವಳು ಟಿಕೆಟ್ ಮೆಷಿನ್ನಿನ ಪಟ್ಟಿಯನ್ನು ಸುತ್ತಿ ಚೀಲಕ್ಕೆ ಹಾಕಿದಳು. ಆಮೇಲೆ, “ನಡಿ, ಚಹಾ ಕುಡಿಯೂಣು,” ಎಂದಳು. ಚಹಾದಂಗಡಿಯಲ್ಲಿ ಆ ಮಾತನ್ನೇ ಎತ್ತಲಿಲ್ಲ. ಮಾರನೆಯ ವಾರ ಬೀಗದ ಕೈಯನ್ನು ಬಾಬುರಾವ್‌ಗೆ ಅವಳೇ ಹೋಗಿ ಕೊಟ್ಟು ಬಂದಳು.

ಒಂದು ತಿಂಗಳ ಮೇಲೆ ಅವಳು ಅಫಜಲಪುರಕ್ಕೆ ಬದಲಿ ಕೇಳಿ ಅರ್ಜಿ ಹಾಕಿದಳು. ಅಮ್ಮಿಗೆ ವಯಸ್ಸಾಯಿತು, ಹತ್ತಿರ ಇರಬೇಕು ಎಂದಳು. ಅರ್ಜಿ ಬೇಗ ಮಂಜೂರಾಯಿತು. ಹೋಗುವ ದಿನ ಅವಳ ಟ್ರಂಕು, ಹಾಸಿಗೆ ಸುರುಳಿ, ಒಂದು ಕುರ್ಚಿ ಬಸ್ಸಿನ ಮೇಲೆ ಹತ್ತಿಸಿದೆವು. ದಾರಿಯ ಎರಡೂ ಕಡೆ ತೊಗರಿ ಹಳದಿ ಹೂ ಬಿಟ್ಟು ನಿಂತಿತ್ತು. ಊರ ಹೊರಗಿನ ತಿರುವಿನವರೆಗೆ ನಾನೂ ಅದೇ ಬಸ್ಸಿನಲ್ಲಿ ಹೋಗಿ ಇಳಿದು ನಡೆದು ಬಂದೆ. ಖೋಲಿಗೆ ಬಂದರೆ ಗಿರಣಿ ಓಡುತ್ತಿತ್ತು. ಗೋಡೆಯ ಮೇಲೆ ಫೋಟೋ ಸೊಟ್ಟಗಾಗಿತ್ತು.

ಜೇವರ್ಗಿಯ ಸಂಬಂಧ ಜನವರಿಯವರೆಗೆ ಎಳೆಯಿತು. ಹುಡುಗನ ಅಕ್ಕ ಬಂದು ನೋಡಿದರು. ನನ್ನ ಕೆಲಸದ ಬಗ್ಗೆ ಕೇಳಿದರು. ದಿನಾ ಗಂಡಸರ ನಡುವೆ ನಿಂತು ಟಿಕೆಟ್ ಕೊಡುವುದು ನಮ್ಮ ಮನೆಗೆ ಹೊಂದುವುದಿಲ್ಲ, ಮದುವೆಯಾದ ಮೇಲೆ ಬಿಡಬೇಕು ಎಂದರು. ಬಿಡುವುದಿಲ್ಲ ಎಂದೆ. ಅಲ್ಲಿಗೆ ಮುಗಿಯಿತು. ಅಣ್ಣ ಮತ್ತೆ ಆ ವಿಷಯ ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ಓಣಿಯ ಆ ಮನೆಯನ್ನು ಅಷ್ಟರಲ್ಲಿ ಬಳೆ ವ್ಯಾಪಾರದ ಒಂದು ಕುಟುಂಬ ಕೊಂಡಿತ್ತು. ಅವರೂ ಕೆಡವಲಿಲ್ಲ. ಈಗಲೂ ಅದರಲ್ಲೇ ಇದ್ದಾರೆ. ಸಂತೆಗೆ ಹೋಗುವಾಗ ನಾನು ಬೇಕೆಂದೇ ಆ ಓಣಿ ಹಿಡಿಯುತ್ತೇನೆ. ಕಟ್ಟೆಗೆ ನೀಲಿ ಬಣ್ಣ ಬಳಿದಿದ್ದಾರೆ. ಮಾಳಿಗೆಯ ಅಂಚಿಗೆ ಮೆಣಸಿನಕಾಯಿ ಒಣಗಿಸುತ್ತಾರೆ. ಒಮ್ಮೆ ಆ ಮನೆಯ ಹೆಂಗಸು, “ಯಾರ್ ಬೇಕಾಗಿತ್ತರಿ?” ಎಂದು ಕೇಳಿದಳು. ಯಾರೂ ಇಲ್ಲ ಎಂದು ಮುಂದೆ ನಡೆದೆ.

ನಾನು ಆಮೇಲೆ ಬ್ಯಾಂಕಿನ ಸಾಲ ತೆಗೆದು, ಊರ ಹೊರಗಿನ ಹೊಸ ಲೇಔಟಿನಲ್ಲಿ ಸಿಮೆಂಟಿನ ಸಣ್ಣ ಮನೆ ಕೊಂಡೆ. ಚಲೋ ಮನೆ. ಬೇಸಿಗೆಯಲ್ಲಿ ಕಾದು ಬಿಸಿಯಾಗುತ್ತದೆ, ಮಳೆಗಾಲದಲ್ಲಿ ಏನೂ ವಾಸನೆ ಬರುವುದಿಲ್ಲ.

ಶಮೀಮಳ ಅಮ್ಮಿ ತೀರಿಕೊಂಡಾಗ ಅಫಜಲಪುರಕ್ಕೆ ಹೋಗಿದ್ದೆ. ಜನ ತುಂಬಿದ್ದರಿಂದ ಮಾತಾಡಲಾಗಲಿಲ್ಲ. ಅದಾಗಿ ವರ್ಷದ ಮೇಲೆ ಅವಳೇ ಫೋನ್ ಮಾಡಿದಳು. ಮನೆ ಕೊಂಡಿದ್ದೇನೆ, ಬಂದು ನೋಡು ಎಂದಳು.

ಕಲ್ಲು ಗೋಡೆಯ ಹಳೆಯ ಮನೆ, ಮೇಲೆ ತಗಡಿನ ಪತ್ರಾ. ಅವಳು ಒಂದೊಂದೇ ತೋರಿಸಿದಳು. ನಲ್ಲಿ ಯಾವಾಗ ಬರುತ್ತದೆ, ಬಾಗಿಲು ಎಷ್ಟು ಹಳೆಯದು, ಗೋಡೆಯ ಯಾವ ಭಾಗ ತಾನೇ ಗಾರೆ ಮಾಡಿಸಿದ್ದು, ಎಲ್ಲ. ಒಂದು ಖೋಲಿ, ಒಂದು ಅಡುಗೆಮನೆ. ಅಷ್ಟೇ.

“ಇನ್ನೊಂದ್ ಖೋಲಿ ಇದ್ದಿದ್ರ ಚಲೋ ಇತ್ತು,” ಎಂದುಬಿಟ್ಟೆ.

“ಒಬ್ಬಾಕಿಗಿ ಎಷ್ಟ್ ಖೋಲಿ ಬೇಕು ಬೇ?” ಎಂದಳು. ಚುಚ್ಚುವ ದನಿ ಅಲ್ಲ. ಬಟಾಟೆ ಹೆಚ್ಚುತ್ತಲೇ ಹೇಳಿದಳು.

ಆಗ ನನ್ನಿಂದ ತಡೆಯಲಾಗಲಿಲ್ಲ.

“ಶಮೀಮ್, ಆಳಂದದ ಮನಿ ತೊಲಿ ಗಟ್ಟಿ ಇದ್ವು. ನಾ ಸುಳ್ ಹೇಳಿದ್ದೆ.”

“ಗೊತ್ತದ.”

ಅವಳು ಚಾಕು ಕೆಳಗಿಟ್ಟಳು.

“ಎರಡ್ ದಿನಕ್ಕ ಭೀಮಶಾ ನನ್ನ ಬಸ್ಸಿಗೇ ಬಂದಿದ್ದ. ರಜಿಸ್ಟ್ರಿ ಯಾವಾಗರಿ ಅಕ್ಕಾ, ಮಣ್ಣು ನಾನೇ ತರಸ್ತೇನಿ ಅಂದ. ನಾ ಏನ್ ಹೇಳ್ಲಿ? ತಿಳಸ್ತೇನ್ರಿ ಅಂದೆ.”

“ಮತ್ತ ನನ್ನ ಯಾಕ ಕೇಳ್ಲಿಲ್ಲ?”

“ಕೇಳಿದ್ರ ನೀ ನಾಚಿ, ಆತು ತಗೊಳ್ಳೂಣು ಅಂತಿದ್ದಿ. ನಾಚಿಕಿಗಿ ಅಂತ ನೀ ಬಂದು ಇದ್ರ, ಆ ಮನಿಯಾಗ ದಿನಾ ನಿನ್ನ ಮಾರಿ ಹ್ಯಾಂಗ ನೋಡ್ಲಿ ನಾ?” ಬಟಾಟೆಯ ಸಿಪ್ಪೆಗಳನ್ನು ಒಂದು ಕಡೆ ಸರಿಸಿ ಹೇಳಿದಳು: “ನೀನೇ ಹೇಳ್ತಿ ಅಂತ ಒಂದ್ ತಿಂಗಳ ಕಾಯ್ದೆ. ಆಮ್ಯಾಲ ಅರ್ಜಿ ಹಾಕ್ದೆ.”

ಆ ತಿಂಗಳು ನನಗೆ ಚೆನ್ನಾಗಿ ನೆನಪಿದೆ. ದಿನಾ ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದಳು, ನಾನು ಪಲ್ಯ ಮಾಡುತ್ತಿದ್ದೆ. ನಡುನಡುವೆ ಅವಳು ಕೈ ನಿಲ್ಲಿಸಿ, “ಏನರ ಅಂದಿ ಏನ್?” ಎಂದು ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ. ಗಿರಣಿಯ ಸದ್ದಿಗೆ ಹಾಗನಿಸಿರಬೇಕು ಎಂದುಕೊಂಡಿದ್ದೆ.

ಮಾಫ್ ಮಾಡು ಎಂದೆ. ಅವಳು ಚಾಕು ಮತ್ತೆ ಕೈಗೆತ್ತಿಕೊಂಡಳು. ಬಟಾಟೆ ಪಲ್ಯ ಮಾಡಿದಳು, ಬಡಿಸಿದಳು, ಇನ್ನೊಂದು ರೊಟ್ಟಿ ಹಾಕಿಕೋ ಎಂದು ಒತ್ತಾಯ ಮಾಡಿದಳು. ಅಣ್ಣನ ಮಕ್ಕಳ ಬಗ್ಗೆ, ಡಿಪೋದ ಹಳಬರ ಬಗ್ಗೆ ಕೇಳಿದಳು. ಮೊದಲಿನ ಶಮೀಮಳೇ. ಆದರೆ ರಾತ್ರಿ ಉಳಿ ಎನ್ನಲಿಲ್ಲ.

ಐದೂವರೆಯ ಆಳಂದ ಬಸ್ಸಿಗೆ ನನ್ನನ್ನು ಹತ್ತಿಸಲು ಸ್ಟ್ಯಾಂಡಿನವರೆಗೆ ಬಂದಳು. ಕಂಡಕ್ಟರ್ ಹೊಸ ಹುಡುಗಿ. ಶಮೀಮ್ ಅವಳಿಗೆ, ಇವರಿಗೆ ಕಿಟಕಿ ಹತ್ತಿರ ಜಾಗ ಮಾಡಿಕೊಡು ಎಂದು ಹೇಳಿದಳು. ಬಸ್ಸು ಹೊರಟಾಗ ಕೈ ಬೀಸಲಿಲ್ಲ, ತಿರುಗಿ ಹೋಗಲೂ ಇಲ್ಲ. ಬಸ್ಸು ಮರೆಯಾಗುವವರೆಗೆ ನಿಂತೇ ಇದ್ದಳು.

ಹೆಂಗಸರಿಗೆ ಹಣವಿಲ್ಲದ ಟಿಕೆಟ್ ಬಂದ ಹೊಸತು. ಹುಡುಗಿ ಅದನ್ನು ನನ್ನ ಕೈಗೆ ಕೊಡುತ್ತ ಕೇಳಿದಳು.

“ಶಮೀಮಕ್ಕ ನಿಮಗ ಏನಾಗಬೇಕ್ರಿ?”

ಸುಲಭದ ಪ್ರಶ್ನೆ. ಗೆಳತಿ ಎನ್ನಬಹುದಿತ್ತು, ಒಂದೇ ಡಿಪೋದವರು ಎನ್ನಬಹುದಿತ್ತು.

“ನಾವಿಬ್ಬರೂ ಕೂಡಿ ಒಂದ್ ಮನಿ ನೋಡಿದ್ವಿ,” ಎಂದೆ.

ಅವಳಿಗೆ ಏನು ಅರ್ಥವಾಯಿತೋ, ತಲೆಯಾಡಿಸಿ ಹಿಂದಿನ ಸೀಟಿಗೆ ಹೋದಳು.